ಹೂ ಬಿಡದ ಸೇವಂತಿಗೆಯ ಜೊತೆ ನಾಲ್ಕು ತಾಲ್ಲೂಕು

ನವೆಂಬರ್ ಹದಿನೇಳು, ಸೋಮವಾರ. ಬೆಳಿಗ್ಗೆ ಮಂಜು, ಹತ್ತರ ಮೇಲೆ ಬಿಸಿಲು, ಸಂಜೆಗೆ ಶಾಲು ಹೊದೆಯುವಷ್ಟು ಚಳಿ.

ಈ ಸೋಮವಾರ ನಡೆದದ್ದನ್ನು ಹೇಳಬೇಕಾದರೆ ಹಿಂದಿನ ಕಾರ್ತಿಕಗಳನ್ನೂ ಹೇಳದೆ ವಿಧಿಯಿಲ್ಲ. ನಮ್ಮ ಮನೆಯಲ್ಲಿ ಪ್ರತಿ ಕಾರ್ತಿಕಕ್ಕೂ ಏನಾದರೊಂದು ಆಗುತ್ತದೆ. ಕೆಟ್ಟದಾಗಲಿ ಎಂದು ಬಯಸಿದವರು ಯಾರೂ ಇಲ್ಲ. ಎಲ್ಲರೂ ಸೇರಿ ಒಂದು ಗಿಡಕ್ಕೆ ಒಳ್ಳೆಯದನ್ನೇ ಮಾಡುತ್ತ ಬಂದಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ಗಿಡ ಸೇವಂತಿಗೆ. ಹಳದಿ, ಸಣ್ಣ ಹೂವಿನದು. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಪಾವಗಡದ ಕಡೆಯ ತಮ್ಮ ಹಳ್ಳಿಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಅದನ್ನು ಬೆಳೆಸಿದ್ದರು. ಬೆಳೆಸಿದ್ದರು ಎನ್ನುವುದೂ ತಪ್ಪು, ಅದು ತಾನೇ ಬೆಳೆಯುತ್ತಿತ್ತು. ಹೂ ಮುಗಿದ ಮೇಲೆ ಕುಡುಗೋಲಿನಲ್ಲಿ ಬುಡಸಮ ಕೊಯ್ದು ಹಾಕಿದರೆ ಬೇರಿನಿಂದ ಮರಿಗಳು ಏಳುತ್ತವೆ, ಮುಂದಿನ ದೀಪಾವಳಿಯ ಹೊತ್ತಿಗೆ ಮತ್ತೆ ಹೂವು. ದೀಪಾವಳಿಗೆ ತವರಿಗೆ ಹೋದ ಮಗಳ ಜಡೆಗೆ ಅತ್ತೆಯೇ ಆ ಹೂ ಮುಡಿಸುತ್ತಿದ್ದರು.

ಅತ್ತೆ ಒಂದು ಶ್ರಾವಣದಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ನನ್ನ ಹೆಂಡತಿ ಆ ಗಿಡದ ಒಂದು ಬುಡ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ ಒಂದೇ ಮಾತು ಹೇಳಿದಳು.

"ಇದು ಹೂ ಬಿಟ್ಟ ಮೇಲೇನೇ ನಾನು ತಲೆಗೆ ಹೂ ಮುಡಿಯೋದು."

ಇನ್ನೆರಡು ತಿಂಗಳ ಮಾತು, ಇಷ್ಟು ಸುಲಭದ ಗಿಡದ ಮೇಲೆ ಹರಕೆ ಹೊತ್ತರೆ ಯಾರಿಗೇನು ಭಾರ ಅಂದುಕೊಂಡೆ. ಅದಾಗಿ ಎಷ್ಟೋ ವರ್ಷವಾಯಿತು. ಮುತ್ತೈದೆಯ ತಲೆ ಬೋಳಾಗಿದ್ದರೆ ಜನ ಹೆಂಡತಿಯನ್ನು ಏನೂ ಕೇಳುವುದಿಲ್ಲ, ಗಂಡನನ್ನು ನೋಡುತ್ತಾರೆ. ನಾಲ್ಕು ತಾಲ್ಲೂಕುಗಳ ಹೂವಾಡಗಿತ್ತಿಯರು ನನ್ನನ್ನು ಜಿಪುಣರ ಲೆಕ್ಕಕ್ಕೆ ಸೇರಿಸಿದ್ದಾರೆ. ಇದರ ಮೇಲೆ ನನ್ನ ಕೆಲಸ ಕೃಷಿ ಇಲಾಖೆಯಲ್ಲಿ. ಲೆಕ್ಕಪತ್ರ ನೋಡುವವನು ನಾನು, ಮಣ್ಣು ಮುಟ್ಟುವವನಲ್ಲ ಎಂದರೆ ನಂಬುವವರು ಯಾರು?

ಮೂರು ಜನ ಚಿವುಟಿದ್ದು

ಆಗ ನಾನು ಪಾವಗಡದಲ್ಲಿದ್ದೆ. ಖಾಲಿ ಬಣ್ಣದ ಡಬ್ಬಕ್ಕೆ ತೂತು ಕೊರೆದು ಗಿಡ ನೆಟ್ಟೆವು. ಮನೆಯೊಡತಿ ಒಬ್ಬ ಅಜ್ಜಿ. ಕನ್ನಡ ಅರ್ಧ, ತೆಲುಗು ಅರ್ಧ ಮಾತಾಡುವವರು. ಬಂದು ನೋಡಿದರು.

"ಚಾಮಂತಿನಾ? ಶಾನಾ ಸುಲಭ ಸಾರೂ. ಕುಡಿ ಚಿವುಟ್ತಾ ಇರ್ಬೇಕು, ಅಷ್ಟೇ. ಚಿವುಟಿದಷ್ಟೂ ಕವಲು, ಕವಲಿಗೊಂದು ಹೂವು. ಇಂಕೇಮೀ ಲೇದು."

ನಾನೂ ಎರಡು ಪುಸ್ತಕ ತೆಗೆದು ನೋಡಿದೆ. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಮೊಗ್ಗು ಕಟ್ಟುವ ಕಾಲ ಬಂದ ಮೇಲೆ ಚಿವುಟುವುದನ್ನು ನಿಲ್ಲಿಸಬೇಕು ಎಂದೂ ಇತ್ತು. ಕಚೇರಿಗೆ ಹೊರಡುವ ಮುಂಚೆ ಒಮ್ಮೆ ಹಿತ್ತಲಿಗೆ ಹೋಗಿ ಚಿವುಟಿ ಬರುತ್ತಿದ್ದೆ, ಕಾಲ ಬಂದಾಗ ನಿಲ್ಲಿಸಿದೆ.

ಗಿಡ ಚೆನ್ನಾಗಿ ಗುಂಪುಗಟ್ಟಿತು. ಬರಬರುತ್ತ ತಲೆ ಮೇಲೆ ಬಿಂದಿಗೆ ಇಡುವ ಸಿಂಬಿಯ ಹಾಗೆ ದುಂಡಗಾಯಿತು. ದೀಪಾವಳಿ ಬಂತು, ಹೋಯಿತು. ಮೊಗ್ಗಿನ ಸುಳಿವಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನೋಡಿದರೆ ಹೆಂಡತಿ ಗಿಡದ ಮುಂದೆ ಕೂತು ಕುಡಿ ಚಿವುಟುತ್ತಿದ್ದಾಳೆ.

"ಏನ್ ಮಾಡ್ತಿದ್ದೀಯ?"

"ದಿನಾ ಮಾಡೋದೇ. ನೀವು ಗಿಡದ ಕಡೆ ತಿರುಗಿ ನೋಡಲ್ವಲ್ಲ, ನಾನಾದ್ರೂ ನೋಡ್ಕೋಬೇಕಲ್ಲ."

ನಾನೂ ತಿಂಗಳುಗಟ್ಟಲೆ ಚಿವುಟಿದ್ದೇನೆ ಎಂದು ಹೇಳುವಷ್ಟರಲ್ಲಿ ಅಜ್ಜಿ ದೀಪದ ಎಣ್ಣೆ ಹಿಡಿದುಕೊಂಡು ಬಂದರು. ನಮ್ಮ ಮಾತು ಕೇಳಿ ನಿಂತರು. ಅವರ ಕೈ ತಾನಾಗಿಯೇ ಗಿಡದ ಕಡೆ ಹೋಗಿ, ಒಂದು ಕುಡಿ ಮುರಿದು, ವಾಪಸ್ಸು ಬಂತು.

"ಸಾಯಂಕಾಲ ಸಾಯಂಕಾಲ ನಾನೇ ಚಿವುಟ್ತಿದ್ನಲ್ಲಪ್ಪಾ. ಮೀಕು ತೆಲೀದು, ನಿಮ್ಗೆ ಗೊತ್ತಿಲ್ಲ ಅಂತ."

ಬೆಳಿಗ್ಗೆ ನಾನು, ಮಧ್ಯಾಹ್ನ ಅವಳು, ಸಂಜೆ ಅಜ್ಜಿ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೂವರನ್ನೂ ನೋಡಿದ್ದು ಗಿಡ ಒಂದೇ. ಅದು ಯಾರಿಗೆ ಹೇಳಬೇಕು?

ಬೆರಕೆ ಸೊಪ್ಪು

ಆಮೇಲೆ ಶಿರಾಕ್ಕೆ ವರ್ಗವಾಯಿತು. ಪಾತ್ರೆ ಪರಡಿ ಟೆಂಪೋದಲ್ಲಿ ಹೋದವು. ಗಿಡವನ್ನು ಮಾತ್ರ ಹೆಂಡತಿ ಟೆಂಪೋಗೆ ಬಿಡಲಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡಳು. ಕಂಡಕ್ಟರ್ ಬಂದು ನಿಂತ.

"ಇವ್ರಿಗೆ ಟಿಕೆಟ್ಟು?"

"ಗಿಡ ಕಣಪ್ಪ ಅದು."

"ತೊಡೆ ಮ್ಯಾಲೆ ಕೂರುಸ್ಕಂಡ್ರೆ ಕೂಸಿನ ಲೆಕ್ಕ, ಫ್ರೀ. ಸೀಟಲ್ಲಿ ಕೂರ್ಸಿದ್ರೆ ದೊಡ್ಡೋರ ಲೆಕ್ಕ."

ಶಿರಾದವರೆಗೆ ಅದು ಕೂಸಿನ ಲೆಕ್ಕದಲ್ಲೇ ಬಂತು.

ಶಿರಾದಲ್ಲಿ ನಮ್ಮ ಪಕ್ಕದ ಮನೆಯವರು ಟೈಲರ್ ಸಾಹೇಬರು. ದಿನಾ ಅಂಗಡಿಗೆ ಹೋಗುವಾಗ ಗೋಡೆಯ ಆಚೆಯಿಂದ ಗಿಡದ ಯೋಗಕ್ಷೇಮ ವಿಚಾರಿಸುತ್ತಿದ್ದರು.

"ಫಿಕರ್ ಮಾಡ್ಬ್ಯಾಡಿ ಸಾರ್. ಅದಕ್ಕೆ ಖಾನಾ ಕಮ್ಮಿ ಆಗೈತೆ," ಎಂದು ಒಂದು ಚೀಲ ಕುರಿಗೊಬ್ಬರ ತಂದುಕೊಟ್ಟರು. ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಚೀಲ ಮುಗಿಯುವ ಮೊದಲೇ ಇನ್ನೊಂದು ಚೀಲ ಬಂತು. ಗಿಡ ಕೊಬ್ಬಿತು. ಎಲೆಗಳು ಅಂಗೈಯಗಲ ಬೆಳೆದವು. ಎಳೆಯ, ರಸತುಂಬಿದ, ಕಡುಹಸಿರು ಎಲೆ. ಆ ಸಲ ಚಿವುಟುವುದು ಯಾರ ಕೆಲಸ, ಯಾವಾಗ ನಿಲ್ಲಿಸಬೇಕು ಎಂದು ಗಂಡಹೆಂಡತಿ ಕೂತು ಮಾತಾಡಿಕೊಂಡಿದ್ದೆವು. ನಮ್ಮ ಕಡೆಯಿಂದ ಲೋಪವಿರಲಿಲ್ಲ.

ಆ ದಿನಗಳಲ್ಲಿ ಮದಲೂರಿನಿಂದ ನನ್ನ ಸೋದರತ್ತೆ ನಾಲ್ಕು ದಿನ ಇದ್ದು ಹೋಗಲು ಬಂದರು. ಬೆರಕೆ ಸೊಪ್ಪಿನ ಸಾರಿನಲ್ಲಿ ಅವರದು ಎತ್ತಿದ ಕೈ. ಬದುವಿನಲ್ಲಿ, ಬೇಲಿಯಲ್ಲಿ, ಕಂಡಕಂಡಲ್ಲಿ ಹತ್ತು ಥರದ ಸೊಪ್ಪು ಕಿತ್ತು, ಎಲ್ಲ ಬೆರೆಸಿ ಬೇಯಿಸಿ ಬಸಿದು ಸಾರು ಮಾಡುವುದು. ಎಷ್ಟು ಥರ ಸೇರಿದರೆ ಅಷ್ಟು ರುಚಿ. ಪೇಟೆಯಲ್ಲಿ ಸೊಪ್ಪಿಲ್ಲ ಎಂದು ಅವರು ಕೈಕಟ್ಟಿ ಕೂರುವವರಲ್ಲ. ಒಂದು ಸಂಜೆ ನಾನು ಕಚೇರಿಯಿಂದ ಬಂದೆ, ಹೆಂಡತಿ ಬ್ಯಾಂಕಿನ ಕೆಲಸ ಮುಗಿಸಿ ಬಂದಳು. ಬಿಸಿ ಮುದ್ದೆ, ಸಾರು ತಯಾರಾಗಿತ್ತು.

"ಏನತ್ತೆ, ಇವತ್ತಿನ ಸಾರು ಬೇರೆ ಥರ ಘಮ ಅಂತದೆ," ಅಂದೆ. ನಾನು ಊಟ ಹೊಗಳುವುದು ಅಪರೂಪ. ಅತ್ತೆ ಹಿಗ್ಗಿದರು.

"ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಎಲ್ಲಾ ಆ ಖಾಲಿ ಸೈಟಲ್ಲೇ ಸಿಕ್ತು ಕಣ್ಲಾ. ಸಾಲ್ದು ಅಂತ ಹಿತ್ಲಾಗೆ ಹುಡುಕುದ್ರೆ ಡಬ್ಬದಾಗೆ ಒಂದು ಸೊಪ್ಪು ಹೆಂಗೆ ಕೊಬ್ಬಿ ನಿಂತಿತ್ತು ಅಂತೀಯ. ಅದ್ನೂ ಕೊಯ್ದಾಕ್ಬುಟ್ಟೆ."

ಹೆಂಡತಿ ತುತ್ತು ತಟ್ಟೆಗೆ ಬಿಟ್ಟಳು. ನಾನು ಎರಡನೆಯ ಮುದ್ದೆಯ ಅರ್ಧದಲ್ಲಿದ್ದೆ. ನುಂಗುವುದೋ ಬಿಡುವುದೋ ತಿಳಿಯಲಿಲ್ಲ.

"ಅತ್ತೆ, ಅದು ಸೊಪ್ಪಲ್ಲ. ಹೂವಿನ ಗಿಡ."

ಅತ್ತೆ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು.

"ಹೂವಿನ ಗಿಡ ಅಂತ ನಂಗೆಂಗೆ ಗೊತ್ತಾಗ್ಬೇಕ್ಲಾ? ಹೂವೇ ಇರ್ಲಿಲ್ವಲ್ಲ."



ಸಾಹೇಬರು ಚಹಾಕ್ಕೆ ಬಂದದ್ದು

ಸೇವಂತಿಗೆಯ ಒಳ್ಳೆಯ ಗುಣವೆಂದರೆ ಮೇಲೆ ಏನು ಮಾಡಿದರೂ ಬೇರು ಸಾಯುವುದಿಲ್ಲ. ಕೊರಟಗೆರೆಗೆ ವರ್ಗವಾದಾಗ ಬರೀ ಮಣ್ಣು ತುಂಬಿದ ಡಬ್ಬವನ್ನು ಹೊತ್ತುಕೊಂಡು ಹೋದೆವು. ಮುಂಗಾರು ಬಿದ್ದದ್ದೇ ಡಬ್ಬದಲ್ಲಿ ಎಳೆಯ ಮೊಳಕೆಗಳು ಎದ್ದವು. ಎರಡು ಥರ ಕಂಡವು. ಒಂದಿಷ್ಟು ಬಡಕಲು, ಒಂದು ದಷ್ಟಪುಷ್ಟ. ಎರಡರದ್ದೂ ಎಲೆ ಸೀಳುಸೀಳು. ಬಡಕಲು ಕಳೆಯನ್ನು ಕಿತ್ತು ಕಾಂಪೌಂಡಿನ ಆಚೆಗೆ ಎಸೆದು, ದಷ್ಟಪುಷ್ಟವಾದದ್ದನ್ನು ಉಳಿಸಿಕೊಂಡೆ. ಹೆಂಡತಿ ಆಗ ತಂಗಿಯ ಬಾಣಂತನ ಮಾಡಲೆಂದು ಅವಳ ಮನೆಗೆ ಹೋಗಿದ್ದಳು. ಅವಳು ಬರುವ ಹೊತ್ತಿಗೆ ಮೊಗ್ಗು ತೋರಿಸಬೇಕೆಂದು ನನ್ನ ಹಟ. ಕೋಲು ನೆಟ್ಟೆ, ದಾರ ಕಟ್ಟಿದೆ, ಬೆಳಿಗ್ಗೆ ಸಂಜೆ ನೀರು ಹಾಕಿದೆ. ಸೊಂಟದೆತ್ತರ ಬಂತು. ತುದಿಯಲ್ಲಿ ಸಣ್ಣ ಬಿಳಿ ಮೊಗ್ಗುಗಳೂ ಬಂದವು. ಹಳದಿಗೆ ಆಮೇಲೆ ತಿರುಗುತ್ತದೆ ಅಂದುಕೊಂಡೆ.

ಅವಳು ಬರುವ ದಿನದ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಪಾರ್ಥೇನಿಯಂ ಕಳೆಯ ನಿರ್ಮೂಲನೆಯ ಬಗ್ಗೆ ಒಂದು ಸಭೆ ಇತ್ತು. ಹೊಸದಾಗಿ ಬಂದಿದ್ದ ಮೇಲಧಿಕಾರಿ ಸಾಹೇಬರು ಒಂದು ಗಂಟೆ ಮಾತಾಡಿದರು. ಮುಗಿದ ಮೇಲೆ ನನ್ನ ಮನೆ ಹತ್ತಿರವೇ ಎಂದು ಚಹಾಕ್ಕೆ ಬಂದರು. ಜಗಲಿಯ ಮೇಲೆ ಕೂತವರು ಡಬ್ಬವನ್ನೇ ನೋಡತೊಡಗಿದರು.

"ಇದೇನ್ರೀ?"

"ಸೇವಂತಿಗೆ ಸಾರ್."

ಸಾಹೇಬರು ಎದ್ದು ಹೋಗಿ ಎಲೆ ಮುಟ್ಟಿ ನೋಡಿದರು.

"ಬೆಳಿಗ್ಗೆ ನಾನು ಮಾತಾಡುವಾಗ ನೀವು ಎಲ್ಲಿದ್ರಿ?"

"ಮೊದಲನೇ ಸಾಲಲ್ಲಿ ಸಾರ್."

"ಫೋಟೋ ತೋರಿಸಿದ್ನಲ್ಲ?"

"ನೋಡಿದೆ ಸಾರ್."

ಅವರು ವಾಪಸ್ಸು ಬಂದು ಕೂತರು. ಚಹಾ ಕುಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಮತ್ತೊಮ್ಮೆ ತಿರುಗಿ ನೋಡಿ, "ಇಷ್ಟು ಚೆನ್ನಾಗಿ ಬೆಳೆದದ್ದು ನಾನು ಸರ್ವೀಸಲ್ಲೇ ನೋಡಿಲ್ಲ ಕಣ್ರೀ. ಗೊಬ್ಬರ ಏನು ಹಾಕ್ತಿದ್ರಿ?" ಅಂದರು.

ಸಂಜೆ ಹೆಂಡತಿ ಬಂದಳು. ಕೋಲಿಗೆ ಕಟ್ಟಿದ ಪಾರ್ಥೇನಿಯಂ ನೋಡಿದಳು. ನಾನು ಕಳೆ ಎಸೆದದ್ದು ಎಲ್ಲಿ ಎಂದು ಮಾತ್ರ ಕೇಳಿದಳು. ಕಾಂಪೌಂಡಿನ ಆಚೆ, ಚರಂಡಿಯ ಅಂಚಿನಲ್ಲಿ ಕೂತು, ಕತ್ತಲಾಗುವವರೆಗೆ ಒಂದೊಂದೇ ಎಲೆ ಉಜ್ಜಿ ಮೂಸಿ ನೋಡಿದಳು. ಕೊನೆಗೆ ಒಂದು ಸಣ್ಣ ಮರಿಯನ್ನು ಮಣ್ಣಿನ ಸಮೇತ ಸೆರಗಿನಲ್ಲಿ ತಂದಳು. ನನ್ನ ಮೂಗಿನ ಹತ್ತಿರ ಹಿಡಿದಳು. ಅವಳ ತಾಯಿಯ ಮನೆಯ ಹಿತ್ತಲಿನ ವಾಸನೆ ಅದು. ನಾನು ಎಸೆದದ್ದನ್ನು ಚರಂಡಿ ಸಾಕಿತ್ತು.

ಬೆಳಕಿನ ಉಪಕಾರ

ಈಗ ಮಧುಗಿರಿ. ಬೆಟ್ಟದ ಕಡೆಯ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ. ಮನೆಯ ಮಾಲೀಕರೇ ಬಡಾವಣೆಯ ಸಂಘದ ಅಧ್ಯಕ್ಷರು. ಮೇಲಿನ ಮಹಡಿಯಲ್ಲಿ ಅವರ ವಾಸ.

ಇಲ್ಲಿ ಗಿಡಕ್ಕೆ ಒಂದೂ ಕೊರತೆ ಇರಲಿಲ್ಲ. ಮುಂದಿನ ಅಂಗಳದಲ್ಲಿ, ನೆಲದಲ್ಲೇ ನೆಟ್ಟಿದ್ದೆವು. ಗೊಬ್ಬರ ಹದವಾಗಿತ್ತು, ಚಿವುಟಿದ್ದು ಒಬ್ಬರೇ, ಕಳೆಯನ್ನು ಮೂಸಿ ನೋಡಿ ಕಿತ್ತಿದ್ದೆವು. ಮೊದಲ ಕಾರ್ತಿಕ ಹೋಯಿತು, ಹೂವಿಲ್ಲ. ಎರಡನೆಯದೂ ಹೋಯಿತು. ಕಚೇರಿಯಲ್ಲಿ ಒಬ್ಬ ಗೆಳೆಯರನ್ನು ಕೇಳಿದೆ. ಅವರು ಶೇಂಗಾ ಬೆಳೆಯ ವಿಷಯದಲ್ಲಿ ಪಂಡಿತರು.

"ಹೂವು ತೋಟಗಾರಿಕೆ ಇಲಾಖೆಗೆ ಬರುತ್ತೆ, ನಮಗೆ ಬರಲ್ಲ," ಅಂದರು.

"ನಮಗೆ ಬರಲ್ಲ ಅನ್ನೋದು ಗೊತ್ತಾಗಿದೆ. ಯಾಕೆ ಬರಲ್ಲ ಅಂತ ಕೇಳ್ತಿದ್ದೀನಿ," ಅಂದೆ. ಅವರು ಶೇಂಗಾದ ಕಡೆ ಹೊರಟುಹೋದರು.

ಕೊನೆಗೆ ಉತ್ತರ ಒಂದು ಹಳೆಯ ಕೃಷಿ ಕೈಪಿಡಿಯಲ್ಲಿ ಸಿಕ್ಕಿತು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಾಗಿರಬೇಕು, ಆ ರಾತ್ರಿ ಕತ್ತಲಾಗಿಯೂ ಇರಬೇಕು. ರಾತ್ರಿ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆ ಎಂದೇ ಭ್ರಮೆ. ಹೂವು ತಡವಾಗಲಿ ಎಂದು ಬೇಕೆಂದೇ ಹೊಲದಲ್ಲಿ ಬಲ್ಬು ಕಟ್ಟುವ ಬೆಳೆಗಾರರೂ ಇದ್ದಾರಂತೆ. ಪುಸ್ತಕ ಮುಚ್ಚಿ ಹೊರಗೆ ಬಂದೆ. ಸಂಘದವರು ಹಾಕಿಸಿದ ಬೀದಿದೀಪ ಗಿಡದ ನೆತ್ತಿಯ ಮೇಲೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಪುಸ್ತಕ ಅಲ್ಲೇ ನಿಂತು ಓದಬಹುದಿತ್ತು.

ಸಂಘದ ಸಭೆಗೆ ಹೋದೆ. ಅಲ್ಲಿಯವರೆಗೆ ನಾನು ಅಲ್ಲಿ ಬಾಯಿ ತೆರೆದವನಲ್ಲ. ಕೊನೆಗೆ ಅಧ್ಯಕ್ಷರು, ಅಂದರೆ ನಮ್ಮ ಮಾಲೀಕರು, "ಸಾರ್ ಏನೋ ಹೇಳ್ಬೇಕಂತೆ," ಅಂದರು. ಎಲ್ಲರೂ ತಿರುಗಿದರು.

"ಏನಿಲ್ಲ, ನಮ್ಮ ಮನೆ ಮುಂದಿನ ಲೈಟು..." ಎಂದು ಶುರುಮಾಡಿದೆ. ಕೆಮ್ಮಿದೆ.

"ಗೊತ್ತಾಯ್ತು ಬುಡಿ ಸಾರ್," ಅಂದರು ಮಾಲೀಕರು. "ನಾಳೆನೇ ಮಾಡುಸ್ತೀನಿ."

ಇಷ್ಟು ಸುಲಭವೆಂದು ತಿಳಿದಿದ್ದರೆ ಮೊದಲೇ ಕೆಮ್ಮುತ್ತಿದ್ದೆ ಅನಿಸಿತು. ಮರುದಿನ ಸಂಜೆ ಕಚೇರಿಯಿಂದ ಬರುವಾಗ ಬೀದಿಯ ಮೂಲೆಯಿಂದಲೇ ನಮ್ಮ ಮನೆ ಹೊಳೆಯುತ್ತಿತ್ತು. ಹಳೆಯ ದೀಪದ ಪಕ್ಕ ಅದರ ಎರಡರಷ್ಟು ದೊಡ್ಡದು ಇನ್ನೊಂದು. ಮಾಲೀಕರು ಗೇಟಿನಲ್ಲಿ ನಿಂತು ಕಾಯುತ್ತಿದ್ದರು.

"ನೀವು ಬಾಯ್ಬಿಟ್ಟು ಕೇಳೋರೇ ಅಲ್ಲ ಸಾರ್. ಕೇಳಿದ ಮ್ಯಾಲೆ ಸಣ್ಣದು ಹಾಕ್ಸಿ ಸುಮ್ಕಿರಾಕಾಯ್ತದಾ?"

ನಾನು ಥ್ಯಾಂಕ್ಸ್ ಹೇಳಿದೆ.

ಮಂಕರಿಯ ಕೆಳಗೆ

ದೀಪ ಆರಿಸಲಾಗದಿದ್ದರೆ ಗಿಡವನ್ನು ಮುಚ್ಚಬಹುದು. ಈ ವರ್ಷ ಶ್ರಾವಣ ಕಳೆದದ್ದೇ ಸಂತೆಯಿಂದ ಒಂದು ದೊಡ್ಡ ಬಿದಿರಿನ ಮಂಕರಿ ತಂದೆ. ಒಳಗೆ ಗೋಣಿಚೀಲ ಹೊಲಿದೆ. ದಿನಾ ಸಂಜೆ ಗಿಡದ ಮೇಲೆ ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ಬೆಳಿಗ್ಗೆ ತೆಗೆಯುವುದು. ಅಷ್ಟೇ ಕೆಲಸ.

ಆದರೆ ಮಂಕರಿ ಬೋರಲು ಹಾಕಿ ಕಲ್ಲಿಟ್ಟರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಒಳಗೆ ಕೋಳಿ ಇದೆ. ಈ ಮನೆ ಕೊಡುವಾಗ ಮಾಲೀಕರು ಕೇಳಿದ್ದ ಮೊದಲ ಪ್ರಶ್ನೆ, "ನೀವು ತಿಂತೀರಾ?" ಎಂದು. "ತಿಂತೀವಿ, ಆದ್ರೆ ಮನೇಲಿ ಮಾಡಲ್ಲ," ಎಂದು ನಾನು ಹೇಳಿದ ಮೇಲೆಯೇ ಅಡ್ವಾನ್ಸ್ ತೆಗೆದುಕೊಂಡಿದ್ದರು.

ಮೊದಲ ವಾರ ಮಾಲೀಕರು ಮಹಡಿಯಿಂದ ಬಗ್ಗಿ ನೋಡಿದರು. ಎರಡನೆಯ ವಾರ ನಾನು ಸಿಕ್ಕಿದಾಗೆಲ್ಲ, "ಬೆಳಗಿನ ಜಾವ ಏನೋ ಕೂಗಿದಂಗಾಯ್ತು ಸಾರ್, ನಿಮ್ಗೇನಾದ್ರೂ ಕೇಳುಸ್ತಾ?" ಎನ್ನತೊಡಗಿದರು. ಮೂರನೆಯ ವಾರ ಒಂದು ಮುಸ್ಸಂಜೆ ಸಂಘದ ಇಬ್ಬರು ಹಿರಿಯರನ್ನು ಕರೆದುಕೊಂಡು ಕೆಳಗಿಳಿದು ಬಂದರು. ಎದುರು ಮನೆಯಾಕೆಯೂ ಪೊರಕೆ ಹಿಡಿದುಕೊಂಡೇ ತನ್ನ ಗೇಟಿಗೆ ಬಂದು ನಿಂತಳು.

"ಸಾರ್, ತಪ್ಪು ತಿಳ್ಕಬ್ಯಾಡಿ. ಒಳಗಿರೋದು ಹುಂಜನಾ, ಯಾಟೆನಾ?"

"ಯಾವುದೂ ಅಲ್ಲ."

"ಮರಿ ಐತಾ ಅಂಗಾದ್ರೆ?"

ನಾನು ಕಲ್ಲು ಇಳಿಸಿ ಮಂಕರಿ ಎತ್ತಿದೆ. ಮೂವರೂ ಬಗ್ಗಿ ನೋಡಿದರು. ಗಿಡ ಸುಮ್ಮನೆ ನಿಂತಿತ್ತು.

"ಗಿಡಕ್ಯಾಕೆ ಮುಚ್ಚಿದ್ದೀರಿ?"

"ಅದಕ್ಕೆ ಕತ್ತಲೆ ಬೇಕು."

"ಗಿಡಕ್ಕೆ ಕತ್ತಲೆ?"

"ಹೌದು. ರಾತ್ರಿ ಹೊತ್ತು ಮಾತ್ರ."

ಹಿರಿಯರಿಬ್ಬರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಎದುರು ಮನೆಯಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಲೀಕರು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ಕೋಳಿನೇ ಸಾಕ್ಬುಡಿ ಸಾರ್. ನಾನು ಏನೂ ಅನ್ನಲ್ಲ."

ಹರಾಜು

ದಸರೆ ಕಳೆದ ಮೇಲೆ ಮೊಗ್ಗು ಬಂತು. ದೀಪಾವಳಿಗೆ ಅರಳಲಿಲ್ಲ, ಆದರೂ ಮೊಗ್ಗು ಮೊಗ್ಗೇ. ಹೆಂಡತಿ ದಿನಾ ಬೆಳಿಗ್ಗೆ ಮಂಕರಿ ಎತ್ತಿದ ಮೇಲೆ ಒಂದು ಗಳಿಗೆ ಅಲ್ಲೇ ಕೂರುತ್ತಿದ್ದಳು. ಬಣ್ಣ ಕಂಡಿತು. ಭಾನುವಾರ ಸಂಜೆಗೆ ಅರೆಬಿರಿದಿದ್ದವು. "ನಾಳೆ ಸೋಮವಾರ, ಕೊನೇ ಕಾರ್ತಿಕ ಸೋಮವಾರ. ಸ್ನಾನ ಮಾಡಿ ಮುಡ್ಕೋತೀನಿ," ಅಂದಳು. ಅವಳು ಹೂವಿನ ಮಾತು ಎತ್ತಿದ್ದು ಆ ಬಸ್ಸಿನ ನಂತರ ಅದೇ ಮೊದಲು. ಇನ್ನು ಕತ್ತಲೆ ಬೇಕಿಲ್ಲ ಎಂದು ಅವತ್ತು ಮಂಕರಿ ಮುಚ್ಚಲಿಲ್ಲ.

ಸೋಮವಾರ ಬೆಳಿಗ್ಗೆ ಮಂಜಿನಲ್ಲಿ ಬಾಗಿಲು ತೆಗೆದೆ. ಗಿಡದ ತುಂಬ ತೊಟ್ಟುಗಳಿದ್ದವು. ಹೂವು ಒಂದೂ ಇರಲಿಲ್ಲ.

ಹೆಂಡತಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು ನೋಡಿದಳು. ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮಾಲೀಕರು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಮೆಟ್ಟಿಲಿಳಿದು ಬಂದರು. ಕೇಳುವ ಮೊದಲೇ ಹೇಳಿದರು.

"ಹೂವು ಭಾರಿ ಚಂದ ಬಂದಿದ್ವು ಸಾರ್. ಇವತ್ತು ದೀಪೋತ್ಸವ ಅಲ್ವಾ, ದೇವ್ರಿಗೆ ಅಂತ ನಾನೇ ಕೊಯ್ದೆ. ಮನೆ ಅಂಗಳದ ಹೂವು ಅಂದ್ರೆ ಅದ್ರ ಕಳೆನೇ ಬ್ಯಾರೆ."

"ಅವು ಬೇಕಾಗಿತ್ತು," ಅಂದೆ.

"ದೇವ್ರ ಮ್ಯಾಲೆ ಏರ್ಸಾಯ್ತಲ್ಲ ಸಾರ್. ಇನ್ನು ಇಳ್ಸಾಕಾಯ್ತದಾ? ಸಾಯಂಕಾಲ ಪೂಜೆ ಆದ್ಮ್ಯಾಲೆ ಪ್ರಸಾದ ಹರಾಜಾಕ್ತೀವಿ, ಬಂದು ಕೂಗಿ ತಗಳಿ."

ದೇವರಿಗೆ ಏರಿಸಿದ ಕಾಯಿ, ನಿಂಬೆಹಣ್ಣು, ಹೂವನ್ನು ಮಂಗಳಾರತಿಯ ನಂತರ ಹರಾಜು ಕೂಗುವುದು ನಮ್ಮ ಬಡಾವಣೆಯ ಪದ್ಧತಿ. ಬಂದ ಹಣ ವರ್ಷದ ದೀಪದೆಣ್ಣೆಗೆ. ಹರಾಜು ಕೂಗಿಸುವವರು ಅಧ್ಯಕ್ಷರೇ.

ಹೆಂಡತಿಗೆ ನಾನು ಏನೂ ಹೇಳಲಿಲ್ಲ. ಸಿಕ್ಕಮೇಲೆ ಹೇಳಿದರಾಯಿತು, ಸಿಗದೆಹೋದರೆ ಎರಡನೆಯ ಸಲ ಕಳೆದುಕೊಂಡ ಹಾಗಾಗುವುದು ಬೇಡ. ಆದರೆ ಜನರ ನಡುವೆ ನಿಂತು ಕೂಗುವುದು ನನ್ನಿಂದ ಆಗದ ಕೆಲಸ. ನಮ್ಮ ಕಚೇರಿಯ ಜೀಪಿನ ಡ್ರೈವರ್ ಇದ್ದಾನೆ. ಅವನು ಪ್ಯೂನನ್ನು ಕರೆದರೆ ದೂರದ ಕೋರ್ಟಿನ ಆವರಣದಲ್ಲಿದ್ದವರು ತಿರುಗಿ ನೋಡುತ್ತಾರೆ. ಅವನನ್ನು ಕೇಳಿಕೊಂಡೆ.

"ಎಷ್ಟರವರ್ಗೂ ಹೋಗ್ಲಿ ಸಾರ್?"

"ಎಷ್ಟಾದರೂ ಸರಿ, ಬಿಡಬೇಡ," ಅಂದೆ. ನನ್ನ ಅಂದಾಜಿನಲ್ಲಿ ಐವತ್ತೋ ನೂರೋ.

ದೇವಸ್ಥಾನ ಒಂದು ಬಂಡೆಯ ಮೇಲಿದೆ, ಹತ್ತಲು ಮೆಟ್ಟಿಲು. ಹೆಂಡತಿಗೆ ಮಂಡಿನೋವು, ಅವಳು ಮನೆಯಲ್ಲೇ ಉಳಿದಳು. ನಾನು ಶಾಲು ಹೊದ್ದು ಕೆಳಗೆ ಚಪ್ಪಲಿಗಳ ಹತ್ತಿರ ನಿಂತೆ. ಡ್ರೈವರ್ ಮೇಲೆ ಹೋದ. ಮಂಗಳಾರತಿಯ ಹೊತ್ತಿಗೆ ಮೈಕು ಕೈಕೊಟ್ಟಿತು. ಮಾಲೀಕರು ಬಾಯಲ್ಲೇ ಕೂಗುತ್ತಿದ್ದುದು ತುಂಡುತುಂಡಾಗಿ ಕೇಳುತ್ತಿತ್ತು. ಡ್ರೈವರ್‌ನದು ಮಾತ್ರ ಪೂರ್ತಿ ಕೇಳುತ್ತಿತ್ತು.

"ನೂರು," ಅಂದ. "ಇನ್ನೂರು," ಅಂದ. ಒಂದು ಹೆಂಗಸಿನ ಧ್ವನಿ ಏನೋ ಕೂಗಿತು. "ಐನೂರು," ಅಂದ. ಮತ್ತೆ ಆ ಧ್ವನಿ. ಯಾರೋ ಹಟಕ್ಕೆ ಬಿದ್ದಿದ್ದರು. "ಸಾವಿರ," ಎಂದು ಕೇಳಿದಾಗ ಮೆಟ್ಟಿಲು ಹತ್ತಿದೆ. ಆರತಿ ತಟ್ಟೆ ಹಿಡಿದು ಇಳಿಯುವವರೇ ದಾರಿ ತುಂಬ. ಅರ್ಧಕ್ಕೆ ಸಿಕ್ಕಿಕೊಂಡೆ. ಬೇಡ ಎಂದು ಕೈ ಬೀಸಿದೆ. ಮೇಲಿನಿಂದ ನೋಡಿದ ಡ್ರೈವರ್, ನಾನು ಹುರಿದುಂಬಿಸುತ್ತಿದ್ದೇನೆ ಎಂದು ತಿಳಿದು, "ಸಾವಿರದೈನೂರು," ಅಂದ.

ಸ್ವಲ್ಪ ಹೊತ್ತಿಗೆ ಅವನೇ ಇಳಿದು ಬಂದ. ಬಾಳೆಎಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಆಯಮ್ಮ ಫೋನು ಕಿವೀಗಿಟ್ಕಂಡು ಯಾರ್ನೋ ಕೇಳಿ ಕೇಳಿ ಕೂಗ್ತಿತ್ತು ಸಾರ್. ನಾನು ಎರಡು ಸಾವಿರ ಅಂದಿದ್ದಕ್ಕೆ ಸುಸ್ತಾಗ್ಬುಡ್ತು. ಆಮ್ಯಾಲೆ ನಿಮ್ ಓನರ್ರು 'ಎರಡು ಸಾವಿರ, ಒಂದು ಸಾರಿ' ಅಂದ್ರು. ಇನ್ನೂ ಯಾರೋ ಅವ್ರೆ ಅನ್ಕಂಡು ನಾನು ಎರಡೂವರೆ ಅಂದ್ಬುಟ್ಟೆ. ಮತ್ತೆ 'ಒಂದು ಸಾರಿ' ಅಂದ್ರು. ಮೂರು ಅಂದೆ. ಪಕ್ಕದೋನು 'ಲೇ, ನಿನ್ ಮ್ಯಾಲೆ ನೀನೇ ಏರುಸ್ತಿದ್ದೀಯ ಕಣ್ಲಾ' ಅಂದ. ದೇವ್ರ ಕೆಲ್ಸ, ಅಂದಿದ್ದನ್ನ ಹಿಂದಕ್ಕೆ ತಗಂಡ್ರೆ ಚೆನ್ನಾಗಿರಲ್ಲ ಅಂತ ಬುಟ್ಟೆ ಸಾರ್. ಓನರ್ರು ಒಂದು ರೂಪಾಯಿ ಸೇರುಸ್ಕಂಡ್ರು, ಶುಭ ಅಂತ."

ನಾನು ಅಲ್ಲೇ ಫೋನಿನಲ್ಲಿ ಹಣ ಕಳಿಸಿ ಮನೆಗೆ ನಡೆದೆ.

ಹೆಂಡತಿ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಫೋನು. ಅತ್ತಿದ್ದಳೋ ಏನೋ, ಬೀದಿದೀಪದ ಬೆಳಕಿನಲ್ಲಿ ಮುಖ ಊದಿದ ಹಾಗೆ ಕಂಡಿತು. ಪೊಟ್ಟಣ ಕೊಟ್ಟೆ. ಬಿಚ್ಚಿದಳು. ಕುಂಕುಮ ಬಿದ್ದು, ಸ್ವಲ್ಪ ಬಾಡಿದ್ದವು. ಬಗ್ಗಿ ಮೂಸಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಿಮಗೆ ಹೆಂಗೆ ಸಿಕ್ತು?"

"ಹರಾಜಿನಲ್ಲಿ. ನಮ್ಮ ಡ್ರೈವರ್ ಕೂಗಿದ."

ಅವಳು ನನ್ನನ್ನೇ ನೋಡಿದಳು.

"ದೊಡ್ಡ ಗಂಟಲಿನೋನು?"

"ಹೌದು. ಯಾಕೆ?"

"ಎದುರು ಮನೆಯಾಕೆ ಕೈಲಿ ಕೂಗ್ಸಿದ್ದು ನಾನು," ಅಂದಳು. "ನೀವು ಅಲ್ಲಿಗೆಲ್ಲ ಹೋಗೋರಲ್ಲ ಅಂತ ನಿಮಗೆ ಹೇಳ್ಲಿಲ್ಲ. ಯಾವನೋ ಒಬ್ಬ ಬಿಡ್ತಾನೇ ಇಲ್ಲ ಕಣಕ್ಕ ಅಂತ ಆಕೆ ಫೋನಲ್ಲಿ ಹೇಳ್ತಾನೇ ಇದ್ಲು. ಅವನ ವಂಶ ನಿರ್ವಂಶ ಆಗ್ಲಿ ಅಂದೆ."

ನಾನು ಅವಳ ಪಕ್ಕ ಕೂತೆ. ಅವಳು ಹೂಗಳನ್ನು ಒಂದಕ್ಕೊಂದು ಸೇರಿಸಿ ದಾರ ಸುತ್ತಿದಳು. ಬೆನ್ನು ತಿರುಗಿಸಿ ಪಿನ್ನು ನನ್ನ ಕೈಗೆ ಕೊಟ್ಟಳು. ನನಗೆ ಅಭ್ಯಾಸವಿಲ್ಲ. ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ನಿಂತಿತು.

"ಅಂದ್ರೆ ನಾನು ಸುಮ್ನಿದ್ದಿದ್ರೆ ನೂರು ರೂಪಾಯಿಗೆ ಬರ್ತಿತ್ತು," ಅಂದಳು ತಿರುಗದೆಯೇ. "ಎರಡು ಸಾವಿರಕ್ಕೆ ನಾನು ಬಿಟ್ಟೆ. ಅಷ್ಟೇ ತಾನೆ ಕೊಟ್ಟಿದ್ದು?"

"ಇಲ್ಲ," ಅಂದೆ. "ನೀನು ಸುಮ್ಮನಾದ ಮೇಲೂ ಏರಿತು. ಮೂರು ಸಾವಿರದ ಒಂದು."